ಸಂಡಿಗೆ ಬಿಸಿಲು

ಗೋಡೆಯ ಮೇಲೆ ಯಾರೋ ತಲೆಕೆಳಗಾಗಿ ನಡೆದುಕೊಂಡು ಹೋಗುತ್ತಿದ್ದಾರೆ ಎಂದು ಅತ್ತೆ ಮೂರು ದಿನ ಹೇಳಿದರು. ಮೂರು ದಿನವೂ ನಾವು ಯಾರೂ ನಂಬಲಿಲ್ಲ. 2019ರ ನವೆಂಬರಿನಲ್ಲಿ ಅವರ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಬೆಳಕು ಚುಚ್ಚುತ್ತದೆ ಎನ್ನುತ್ತಿದ್ದರು. ಕೆಂಗೇರಿ ಉಪನಗರದ ನಮ್ಮ ಮನೆಯ ಮುಂದಿನ ಕೋಣೆಗೆ ರಸ್ತೆಯ ಕಡೆ, ಉತ್ತರಕ್ಕೆ, ದೊಡ್ಡ ಕಿಟಕಿ. ಪರದೆ ಎಳೆದರೂ ಬೆಳಕು ಸೋರುತ್ತದೆ. ಅದಕ್ಕೆ ಇವರು ಅಟ್ಟದ ಮೇಲಿದ್ದ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ಕಿಟಕಿಯ ಅಳತೆಗೆ ಕೊಯ್ದು, ಸುತ್ತ ಮೊಳೆ ಹೊಡೆದು ಕೂರಿಸಿದ್ದರು. ಕೋಣೆ ಗವಿಯಂತಾಗಿತ್ತು. ಆ ಗವಿಯಲ್ಲಿ ಮಲಗಿಕೊಂಡು ಅತ್ತೆ, “ಈಗ ಸೊಪ್ಪಿನವಳು ಹೋದಳು ನೋಡೇ, ಕಾಲು ಮೇಲೆ, ಬುಟ್ಟಿ ಕೆಳಗೆ” ಅನ್ನುತ್ತಿದ್ದರು. ಕಣ್ಣಿಗೆ ಬಿಡುವ ಔಷಧಿಯ ಪ್ರಭಾವವಿರಬೇಕು ಎಂದುಕೊಂಡೆವು. ಎಂಬತ್ತನಾಲ್ಕು ವರ್ಷದ ಜೀವ. ಮಗಳಂತೂ ಡಾಕ್ಟರಿಗೆ ಫೋನು ಮಾಡಲು ಹೊರಟಿದ್ದಳು.

ನಾಲ್ಕನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಕಣ್ಣಿಗೆ ಹನಿ ಹಾಕಲು ಹೋದವಳು ಅವರ ಮಗ್ಗುಲಲ್ಲೇ ಸ್ವಲ್ಪ ಹೊತ್ತು ಕೂತೆ. ಬೇರೆ ಕೆಲಸವೇನೂ ಇರಲಿಲ್ಲ. ಕಣ್ಣು ಮೆಲ್ಲನೆ ಕತ್ತಲಿಗೆ ಹೊಂದಿಕೊಂಡಿತು. ಆಗ ಕಂಡಿತು. ಎದುರು ಗೋಡೆಯಲ್ಲಿ, ಪಂಚಾಂಗದ ಕ್ಯಾಲೆಂಡರಿನ ಪಕ್ಕ, ನಮ್ಮ ಬೀದಿಯ ಹೊಂಗೆಮರ ಬೇರು ಮೇಲೆ ಮಾಡಿಕೊಂಡು ತೂಗಾಡುತ್ತಿತ್ತು. ಎದುರು ಮನೆಯ ಹಳದಿ ಗೋಡೆ, ಅವರ ಮಹಡಿಯ ಮೇಲೆ ಒಣಹಾಕಿದ್ದ ಕೆಂಪು ಟವೆಲ್ಲು, ಎಲ್ಲ ಬಣ್ಣಬಣ್ಣವಾಗಿ, ಸ್ವಲ್ಪ ಮಬ್ಬಾಗಿ, ನೀರಿನಲ್ಲಿ ಕಂಡಂತೆ. ಒಂದು ಆಟೋ ಚಕ್ರ ಮೇಲಾಗಿ ಗೋಡೆಯನ್ನು ದಾಟಿಹೋಯಿತು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. “ಕಂಡ್ತಾ?” ಅಂದರು. “ಕಂಡ್ತು ಅತ್ತೆ” ಅಂದೆ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಒಲೆಯ ಮೇಲಿದ್ದ ಬೇಳೆ ತಳ ಹಿಡಿಯುವವರೆಗೂ ನೋಡುತ್ತ ಕೂತಿದ್ದೆವು.

ರಟ್ಟಿನಲ್ಲಿ ಒಂದು ಮೊಳೆ ಜಾಗ ತಪ್ಪಿ ತೂತಾಗಿತ್ತು. ಅಷ್ಟೇ ವಿಷಯ. ಬೆಳಕು ನೆಟ್ಟಗೆ ಹೋಗುವ ಪ್ರಾಣಿ. ಮರದ ತುದಿಯಿಂದ ಹೊರಟದ್ದು ತೂತಿನಲ್ಲಿ ನುಸುಳಿ ಗೋಡೆಯ ಬುಡಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಗೋಡೆಯ ಮೇಲಕ್ಕೆ. ಕಾರ್ತಿಕದ ಬಿಸಿಲು ದಕ್ಷಿಣದಿಂದ ಬಂದು ಎದುರು ಮನೆಯ ಮುಖಕ್ಕೆ ಪೂರಾ ಬೀಳುತ್ತಿದ್ದರಿಂದ ಚಿತ್ರ ಅಷ್ಟು ಕಳೆಕಳೆಯಾಗಿತ್ತು. ಕಾರಣ ತಿಳಿದ ಮೇಲೆ ಬೆರಗು ಕಡಿಮೆಯಾಗಬೇಕಿತ್ತು, ನನಗೆ ಹೆಚ್ಚಾಯಿತು. ಅತ್ತೆಯ ಕಣ್ಣು ಸುಧಾರಿಸಿ, ಕಪ್ಪು ಕನ್ನಡಕ ತೆಗೆದು ಅವರು ದೇವರಮನೆಗೆ ಓಡಾಡುವಂತಾದ ಮೇಲೂ ಆ ರಟ್ಟನ್ನು ಕೀಳಲು ನಾನು ಬಿಡಲಿಲ್ಲ.

ಅಂಥ ಚಿತ್ರವನ್ನು ನಾನು ಮೊದಲು ನೋಡಿದ್ದು ಚನ್ನಪಟ್ಟಣದಲ್ಲಿ. ನನ್ನ ತವರು ಅದು. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ ಫೋಟೋ ತೆಗೆಸಲು ಅಪ್ಪ ಪೇಟೆಬೀದಿಯ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಮೂರು ಕಾಲಿನ ಮರದ ಕ್ಯಾಮೆರಾ, ಅದರ ಹಿಂದೆ ಕರಿಯ ಬಟ್ಟೆ. ನಾನು ಆ ಬಟ್ಟೆಯನ್ನೇ ನೋಡುತ್ತಿದ್ದುದು ಕಂಡು ಫೋಟೋದವರು, “ಬಾ ಮಗ, ನೀನೂ ಒಂದ್ಸಲ ನೋಡು” ಎಂದು ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ ನನ್ನ ತಲೆಯ ಮೇಲೆ ಬಟ್ಟೆ ಹೊದಿಸಿದರು. ಒಳಗೆ ಧೂಳು, ಬೆವರು, ಯಾವುದೋ ಔಷಧಿಯ ವಾಸನೆ. ಮಸುಕು ಗಾಜಿನ ಮೇಲೆ ನನ್ನ ಅಪ್ಪ ತಲೆಕೆಳಗಾಗಿ, ಅಂಗೈಯಷ್ಟು ಚಿಕ್ಕದಾಗಿ, ಗಂಭೀರವಾಗಿ ಕೂತಿದ್ದರು. ಅವರನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ನಾನು ಅದೇ ಮೊದಲು. ಮನೆಯಲ್ಲಿ ಅಪ್ಪನ ಮುಖವನ್ನು ಹಾಗೆ ಯಾರು ನೋಡುತ್ತಾರೆ! ವಾರ ಬಿಟ್ಟು ಫೋಟೋ ತರಲು ಹೋದಾಗ ಅವರು ಮೊನಚು ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ಚುಕ್ಕೆ ಇಟ್ಟು ಇಟ್ಟು ನನ್ನ ಕೆನ್ನೆಯ ಮೇಲಿದ್ದ ಅಮ್ಮನ ಗುರುತನ್ನು ಅಳಿಸಿದ್ದರು. ಮುಖದ ಕಲೆಯನ್ನು ಕೈಯಿಂದ ತೆಗೆಯಬಹುದು ಎಂಬುದು ಹದಿನೈದರ ಹುಡುಗಿಗೆ ಸಣ್ಣ ಸುದ್ದಿಯಾಗಿರಲಿಲ್ಲ.

ಚನ್ನಪಟ್ಟಣ ಎಂದ ಮೇಲೆ ಬೊಂಬೆಯ ಮಾತು ಬಾರದೆ ಇರುವುದಿಲ್ಲ. ನಮ್ಮ ಹಿತ್ತಿಲ ಗೋಡೆಗೆ ಆನಿಕೊಂಡೇ ಒಂದು ಬೊಂಬೆ ಕಾರ್ಖಾನೆಯಿತ್ತು; ಕಾರ್ಖಾನೆ ಎಂದರೆ ಒಂದು ಹೆಂಚಿನ ಮನೆ, ನಾಲ್ಕು ಜನ. ಹಾಲೆ ಮರದ ತುಂಡು ಗಿರಗಿರ ತಿರುಗುತ್ತಿರುವಾಗ ಅದಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ನೀರಿಲ್ಲ, ಕುಂಚವಿಲ್ಲ. ಉಜ್ಜಾಟದ ಕಾವಿಗೇ ಅರಗು ಕರಗಿ ಮರವನ್ನು ತಬ್ಬಿಕೊಳ್ಳುತ್ತದೆ. ಆಮೇಲೆ ತಾಳೆಗರಿಯ ತುಂಡು ಹಿಡಿದರೆ ಹೊಳಪು. ಗರಿ ಹಿಡಿದ ಕೂಡಲೇ ಮಂಕಾಗಿದ್ದ ಕೆಂಪು ಒಮ್ಮೆಲೆ ಒದ್ದೆಯಾದಂತೆ ಮಿನುಗುತ್ತಿದ್ದ ಆ ಗಳಿಗೆಗಾಗಿ ನಾನು ಗೋಡೆ ಹತ್ತಿ ಕೂರುತ್ತಿದ್ದೆ. ಇದನ್ನು ಈಗ ಹೇಳುವುದಕ್ಕೆ ಕಾರಣವಿದೆ. ಬಣ್ಣ ತಾನಾಗಿ ಹುಟ್ಟುವ ಗಳಿಗೆಯನ್ನು ಕಣ್ಣಾರೆ ನೋಡುವ ಆಸೆ ನನಗೆ ಅಂಟಿದ್ದು ಅಲ್ಲಿ. ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತರೂ ಅದು ಬಿಟ್ಟುಹೋಗಿರಲಿಲ್ಲ.

ತಲೆಕೆಳಗಾದ ಚಿತ್ರವನ್ನು ಎರಡನೆಯ ಸಲ ನೋಡಿದ್ದು ಹಂಪಿಯಲ್ಲಿ. ವಿರೂಪಾಕ್ಷ ದೇವಸ್ಥಾನದ ಗರ್ಭಗುಡಿಯ ಹಿಂಭಾಗದ ಕತ್ತಲು ಕೋಣೆಯಲ್ಲಿ ಗೋಡೆಯ ಕಿಂಡಿಯಿಂದ ಬೆಳಕು ಬಂದು, ಸುಮಾರು 50 ಮೀಟರ್ ಎತ್ತರದ ಪೂರ್ವದ ಗೋಪುರ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಹೋದವರೆಲ್ಲ ನೋಡಿ ಕೈಮುಗಿದು ಬರುತ್ತಾರೆ, ನಾವೂ ಹಾಗೆಯೇ ಬಂದಿದ್ದೆವು. ಇಡೀ ಗೋಪುರವನ್ನೇ ಒಂದು ಕಿಂಡಿ ಒಳಗೆ ಕರೆದುಕೊಳ್ಳುತ್ತದೆ ಎಂಬುದು ನನ್ನ ಮನೆಯ ಗೋಡೆಯ ಮೇಲೆ ಸೊಪ್ಪಿನವಳು ನಡೆದುಹೋದಾಗ ಮಾತ್ರ ಪೂರ್ತಿ ಅರ್ಥವಾಯಿತು. ಅದೇ ಹಂಪಿಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದಿಟ್ಟಿದ್ದ. ಫಿಲ್ಮಿಲ್ಲ, ಗಾಜಿಲ್ಲ, ಬರೀ ಮದ್ದು ಹಚ್ಚಿದ ಕಾಗದ. ಆ ಚಿತ್ರಗಳ ಅಚ್ಚನ್ನು ಪುಸ್ತಕವೊಂದರಲ್ಲಿ ನೋಡಿದಾಗ, ಕಲ್ಲಿನ ಮೇಲೆ ಕಾಗದದ ನಾರು ಸಣ್ಣಗೆ ಕಾಣುವುದೇ ನನಗೆ ಬಹಳ ಇಷ್ಟವಾಗಿತ್ತು.

ನಮ್ಮ ತೂತಿಗೆ ಹೊಂದಿಕೊಂಡು ಇನ್ನೊಂದು ಸಂಗತಿ ನಡೆಯಿತು. ಅದೇ ವರ್ಷ ಡಿಸೆಂಬರ್ 26ರಂದು ಸೂರ್ಯಗ್ರಹಣ. ಕಾಸರಗೋಡಿನ ಕಡೆ ಕಂಕಣ ಗ್ರಹಣ. ನಮ್ಮ ಬೆಂಗಳೂರಿನಲ್ಲಿ ಬೆಳಿಗ್ಗೆ 9.30ರ ಹೊತ್ತಿಗೆ ಸೂರ್ಯ ಹತ್ತರಲ್ಲಿ ಒಂಬತ್ತು ಪಾಲು ಮುಚ್ಚಿಹೋಗಿದ್ದ. ಅತ್ತೆ ಬೆಳಿಗ್ಗೆಯೇ ಉಪ್ಪಿನಕಾಯಿ ಜಾಡಿಗೆ, ನೀರಿನ ಕೊಳಗಕ್ಕೆ ದರ್ಭೆ ಹಾಕಿ ಜಪಕ್ಕೆ ಕೂತಿದ್ದರು. ನಾನು ಗೇಟಿನ ಹತ್ತಿರ ಹೋಗಿ ನೋಡಿದರೆ ಹೊಂಗೆಯ ನೆರಳಿನಲ್ಲಿ ದಿನವೂ ಬೀಳುವ ದುಂಡು ಬಿಸಿಲ ಚುಕ್ಕೆಗಳ ಬದಲು ನೂರಾರು ಬಿದಿಗೆ ಚಂದ್ರರು. ಎಲೆಗಳ ನಡುವಿನ ಒಂದೊಂದು ಸಂದಿಯೂ ಒಂದೊಂದು ಕ್ಯಾಮೆರಾ ಆಗಿತ್ತು. ದಿನವೂ ಕಾಣುತ್ತಿದ್ದ ದುಂಡು ಚುಕ್ಕೆಗಳೂ ಸೂರ್ಯನ ಚಿತ್ರಗಳೇ ಎಂದು ಅಂದು ಹೊಳೆಯಿತು. ಅಷ್ಟು ವರ್ಷ ಅವುಗಳ ಮೇಲೆ ಚಪ್ಪಲಿ ಹಾಕಿಕೊಂಡು ನಡೆದಿದ್ದೆ. ಗ್ರಹಣದಲ್ಲಿ ಹೊರಗೆ ಬಾರದ ಅತ್ತೆಗೆ ಏನು ಮಾಡುವುದು? ಬೂಂದಿ ಕರಿಯುವ ತೂತಿನ ಸೌಟನ್ನು ತಂದು ನಡುಮನೆಯ ಬಾಗಿಲ ಬಿಸಿಲಿಗೆ ಹಿಡಿದೆ. ಮಣೆಯ ಮುಂದೆ ನೆಲದ ಮೇಲೆ ಸಾಲುಸಾಲಾಗಿ ಚಂದ್ರರು ಬಿದ್ದರು. ಅತ್ತೆಯ ಜಪಮಾಲೆ ನಿಂತಿತು. “ಸೌಟನ್ನ ಇನ್ನೊಂಚೂರು ಹಿಂದಕ್ಕೆ ಹಿಡಿ” ಅಂದರು. ಹಿಂದಕ್ಕೆ ಹಿಡಿದಷ್ಟೂ ಚಂದ್ರರು ದೊಡ್ಡವರಾಗುತ್ತಾರೆ ಎಂದು ಅವರು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದರು.

ಇಷ್ಟಾದ ಮೇಲೆ ನೋಡಿ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಗೋಡೆಯ ಮೇಲಿನದನ್ನು ಹಿಡಿದಿಡಬೇಕು ಅನಿಸಿತು. ಮೊಬೈಲಿನಲ್ಲಿ ತೆಗೆದೆ, ಬಂತು. ಆದರೆ ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಕೈ ಕೆಲಸ ಕೇಳುತ್ತಿತ್ತು. ನಿವೃತ್ತಿಯಾಗಿ ಎರಡು ವರ್ಷ ಕಳೆದಿದ್ದ ಕೈ. ಆಮೇಲೆ ಕೊರೊನಾ ಬಂತು, ಎಲ್ಲ ಹಾಗೇ ಉಳಿಯಿತು. 2021ರ ಆಗಸ್ಟಿನ ಕೊನೆಯಲ್ಲಿ ಕೆಂಗೇರಿಗೆ ಮೆಟ್ರೋ ಬಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದದ್ದು. ಸುಲ್ತಾನ್‌ಪೇಟೆಯಲ್ಲಿ ದಪ್ಪ ಕಾಗದ ಕೊಂಡೆ. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಎರಡು ಡಬ್ಬಿ ಕೊಂಡೆ: ಒಂದರಲ್ಲಿ ಹಸಿರು ಪುಡಿ, ಫೆರಿಕ್ ಅಮೋನಿಯಂ ಸಿಟ್ರೇಟ್. ಇನ್ನೊಂದರಲ್ಲಿ ಮಾಣಿಕ್ಯದಂಥ ಕೆಂಪು ಹರಳು, ಪೊಟ್ಯಾಸಿಯಂ ಫೆರಿಸಯನೈಡ್. ಮೊದಲನೆಯದು 25 ಗ್ರಾಂ, ಎರಡನೆಯದು 10 ಗ್ರಾಂ, ಒಂದೊಂದನ್ನೂ ನೂರು ನೂರು ಮಿಲಿಲೀಟರ್ ನೀರಿನಲ್ಲಿ ಬೇರೆಬೇರೆ ಕರಗಿಸಿಟ್ಟುಕೊಂಡು, ಬೇಕಾದಾಗ ಸಮಸಮ ಬೆರೆಸಿ ಕಾಗದಕ್ಕೆ ಬಳಿಯಬೇಕು. ಕತ್ತಲಲ್ಲಿ ಒಣಗಿಸಬೇಕು. ಅದರ ಮೇಲೆ ಎಲೆಯನ್ನೋ ಹೂವನ್ನೋ ಇಟ್ಟು ಗಾಜು ಮುಚ್ಚಿ ಬಿಸಿಲಿಗೆ ಇಟ್ಟರೆ, ಬಿಸಿಲು ಮುಟ್ಟಿದ ಜಾಗ ಬದಲಾಗುತ್ತದೆ. ನೆರಳಿನ ಜಾಗ ನೀರಿನಲ್ಲಿ ತೊಳೆದುಹೋಗಿ ಬಿಳಿಯಾಗಿ ಉಳಿಯುತ್ತದೆ. ಉಳಿದದ್ದೆಲ್ಲ ನೀಲಿ. ಕತ್ತಲೆ ಕೋಣೆಯೊಂದು ಮನೆಯಲ್ಲಿ ಸಿದ್ಧವಾಗಿಯೇ ಇತ್ತಲ್ಲ. ತೂತಿಗೆ ಕಪ್ಪು ಟೇಪು ಅಂಟಿಸಿದೆ.

ಈ ನೀಲಿಯನ್ನು ಕಂಡುಹಿಡಿದದ್ದು 1842ರಲ್ಲಿ, ಜಾನ್ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ. ಮರುವರ್ಷವೇ ಅನ್ನಾ ಅಟ್ಕಿನ್ಸ್ ಎಂಬ ಹೆಂಗಸು ಸಮುದ್ರದ ಪಾಚಿಗಳನ್ನು ಹೀಗೆ ಬಿಸಿಲಿಗಿಟ್ಟು ಪುಸ್ತಕ ಮಾಡಲು ಶುರುಮಾಡಿದಳು. ಹತ್ತು ವರ್ಷ ಮಾಡಿದಳು. ಪ್ರತಿಯೊಂದು ಪ್ರತಿಯ ಪ್ರತಿಯೊಂದು ಹಾಳೆಯೂ ಕೈಯಲ್ಲಿ ಬಳಿದು, ಬಿಸಿಲಿಗಿಟ್ಟು, ತೊಳೆದು ಒಣಗಿಸಿದ್ದು. ಇಂಗ್ಲೆಂಡಿನ ಬಿಸಿಲಿನಲ್ಲಿ! ಅದನ್ನು ಓದಿದಾಗ ಆಕೆಯ ಬೆರಳುಗಳು ಹೇಗಿದ್ದಿರಬಹುದು ಎಂದು ಯೋಚಿಸಿದ್ದೆ. ನನ್ನವು ವಾರಗಟ್ಟಲೆ ಉಗುರುಸಂದಿಯಲ್ಲಿ ನೀಲಿಯಾಗಿರುತ್ತವೆ.

ಇವರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದವರು. ನನ್ನ ಮೊದಲ ಹಾಳೆಯನ್ನು ನೋಡಿದವರೇ, “ಇದು ಫೆರೋ ಪ್ರಿಂಟ್ ಕಣೇ!” ಎಂದು ಎದ್ದು ಕೂತರು. ಹಳೆಯ ಕಟ್ಟಡಗಳ ನಕ್ಷೆಗಳು ಹೀಗೇ ನೀಲಿ ಹಾಳೆಯ ಮೇಲೆ ಬಿಳಿ ಗೆರೆಯಾಗಿ ಬರುತ್ತಿದ್ದವಂತೆ. ಆಮೇಲೆ ಅಮೋನಿಯಾ ಪ್ರಿಂಟ್ ಬಂತು, ಅದೂ ಹೋಯಿತು. ಪತ್ರಿಕೆಗಳಲ್ಲಿ ದಿನಬೆಳಗಾದರೆ ಓದುವ ‘ನೀಲನಕ್ಷೆ’ ಎಂಬ ಮಾತು ಹುಟ್ಟಿದ್ದು ನನ್ನ ಈ ಎರಡು ಡಬ್ಬಿಗಳಿಂದ ಎಂದು ತಿಳಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ. ಬಹಳ ದಿನ ಆಡುತ್ತಿದ್ದ ಮಾತಿನ ತವರುಮನೆಗೆ ಹೋಗಿ ಬಂದ ಹಾಗಿತ್ತು.

ಮೊದಲ ಹಾಳೆಗಳು ಮಾತ್ರ ಚೆನ್ನಾಗಿರಲಿಲ್ಲ. ಒಂದು ಮಂಕು, ಒಂದು ಕಪ್ಪು, ಒಂದು ತೊಳೆಯುತ್ತ ತೊಳೆಯುತ್ತ ಪೂರ್ತಿ ಮಾಯ. ಎಷ್ಟು ನಿಮಿಷ ಬಿಸಿಲಿಗೆ ಇಡಬೇಕು? ಪುಸ್ತಕಗಳು ಬರೆಯುವುದು ಬೇರೆ ದೇಶದ ಬಿಸಿಲನ್ನು. ನಮ್ಮಲ್ಲಿ ಆಷಾಢದ ಬಿಸಿಲು, ಆಶ್ವಯುಜದ ಬಿಸಿಲು, ಶಿವರಾತ್ರಿ ಕಳೆದ ಮೇಲಿನ ಬಿಸಿಲು, ಒಂದರಂತೆ ಇನ್ನೊಂದಿಲ್ಲ. ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡ ನಿಮಿಷಗಳು ಮರುದಿನಕ್ಕೆ ಹೊಂದುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಹಡಿಯ ಮೇಲೆ ಹೀಗೆ ಒದ್ದಾಡುತ್ತಿದ್ದಾಗ ಅತ್ತೆ ಮೆಟ್ಟಿಲು ಹತ್ತಿ ಬಂದರು. ಸುತ್ತ ನೋಡಿದರು. ಅಂಗೈಯನ್ನು ಬಿಸಿಲಿಗೆ ಚಾಚಿ, ಮಗುಚಿ, ಹಿಂಗೈಯನ್ನೂ ಚಾಚಿದರು. “ಇದು ಸಂಡಿಗೆ ಬಿಸಿಲಲ್ಲ. ಬಾಳಕದ ಮೆಣಸಿನಕಾಯಿಗೆ ಸಾಕು ಅಷ್ಟೆ. ನಿನ್ನ ಕಾಗದಕ್ಕೆ ಇನ್ನೊಂದು ಹತ್ತು ನಿಮಿಷ ಬಿಡು” ಅಂದರು. ಬಿಟ್ಟೆ. ಆ ಹಾಳೆಯ ನೀಲಿ ಇವತ್ತಿಗೂ ನಾನು ಮಾಡಿದ ನೀಲಿಗಳಲ್ಲಿ ಮೊದಲನೆಯದು.

ಎಪ್ಪತ್ತು ವರ್ಷ ಸಂಡಿಗೆ, ಹಪ್ಪಳ, ಶ್ಯಾವಿಗೆ, ಅರಿಶಿನ, ಹುಣಿಸೆಹಣ್ಣು ಒಣಗಿಸಿದ ಕೈ ಅದು. ಯಾವ ಬಿಸಿಲು ಮೇಲೆ ಮಾತ್ರ ಒಣಗಿಸುತ್ತದೆ, ಯಾವುದು ಒಳಗಿಂದ ಒಣಗಿಸುತ್ತದೆ, ಮೋಡದ ಬಿಸಿಲಿಗೆ ಹಪ್ಪಳ ಏಕೆ ಮುದುಡಿಕೊಳ್ಳುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಇಷ್ಟು ದಿನ ಅದನ್ನು ಕೇಳುವ ಅಗತ್ಯ ಬಿದ್ದಿರಲಿಲ್ಲ, ಮನೆಗೆ ಹಪ್ಪಳ ಅಂಗಡಿಯಿಂದಲೇ ಬರುತ್ತಿತ್ತು. ಅಂದಿನಿಂದ ನನ್ನ ಪುಸ್ತಕದಲ್ಲಿ ನಿಮಿಷದ ಪಕ್ಕ ಇನ್ನೊಂದು ಕಲಮು ಬಂತು. ‘ಅರಳು ಸಂಡಿಗೆ ಬಿಸಿಲು, 7 ನಿಮಿಷ.’ ‘ಹಪ್ಪಳದ ಬಿಸಿಲು, 10.’ ‘ಬಾಳಕ, 20.’ ‘ಬಟ್ಟೆಯೂ ಒಣಗದ ಬಿಸಿಲು, 45, ಆಸೆ ಇದ್ದರೆ.’ ಈ ಲೆಕ್ಕ ತಪ್ಪಿದ್ದು ಕಡಿಮೆ. ನೀರಿನ ವಿಷಯವನ್ನೂ ಅವರೇ ಬಿಡಿಸಿದರು. ಬೋರ್‌ವೆಲ್ ನೀರಿನಲ್ಲಿ ತೊಳೆದಾಗ ನೀಲಿ ಸೋತುಹೋಗುತ್ತಿತ್ತು. “ಆ ನೀರಿಗೆ ಬೇಳೆಯೇ ಬೇಯಲ್ಲ, ನಿನ್ನ ಬಣ್ಣ ನಿಲ್ಲುತ್ತಾ? ನಾಲ್ಕು ಹನಿ ನಿಂಬೆಹಣ್ಣು ಹಿಂಡು” ಅಂದರು. ಈ ನೀಲಿಗೆ ಕ್ಷಾರ ಆಗದು, ಹುಳಿ ಒಗ್ಗುತ್ತದೆ ಎಂದು ನಾನು ಆಮೇಲೆ ಓದಿ ತಿಳಿದೆ. ಮಳೆಗಾಲದಲ್ಲಿ ಮಹಡಿಯ ನೀರನ್ನು ಬಕೆಟ್ಟಿಗೆ ಹಿಡಿದು ತೊಳೆದರೆ ಇನ್ನೂ ಚೆನ್ನ.

ಆಮೇಲೆ ಕೈಗೆ ಸಿಕ್ಕಿದ್ದೆಲ್ಲ ಗಾಜಿನ ಕೆಳಗೆ ಹೋಯಿತು. ನುಗ್ಗೆಸೊಪ್ಪಿನ ಕಡ್ಡಿ ಬಹಳ ಚೆನ್ನಾಗಿ ಬರುತ್ತದೆ. ದೊಡ್ಡಪತ್ರೆ ದಪ್ಪ, ಬರೀ ಆಕಾರ ಬಿಡುತ್ತದೆ. ಗಾಜಿನ ಬಳೆಗಳಲ್ಲಿ ಕೆಂಪು ಬಳೆ ಬಿಳಿಯ ಉಂಗುರ ಬಿಟ್ಟರೆ, ನೀಲಿ ಬಳೆ ತಿಳಿನೀಲಿಯ ಉಂಗುರ ಬಿಡುತ್ತದೆ. ಸೂರ್ಯನ ಲೆಕ್ಕದಲ್ಲಿ ಅವೆರಡೂ ಬೇರೆಬೇರೆ ನೆರಳು. ಜ್ಞಾನಭಾರತಿ ಆವರಣಕ್ಕೆ ವಾಕಿಂಗ್ ಹೋದಾಗ ಹೆಕ್ಕಿ ತಂದ ಅರಳಿ ಎಲೆಗಳನ್ನು ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ಹಸಿರೆಲ್ಲ ಕೊಳೆತು ಜಾಲರಿ ಉಳಿದ ಮೇಲೆ ಅಚ್ಚು ತೆಗೆದೆ. ಒಂದೊಂದು ನರವೂ ಬಂತು. ಏಪ್ರಿಲ್ 24ರ ಸುಮಾರಿಗೆ ನಮ್ಮೂರಿನ ನೆತ್ತಿಗೆ ಸೂರ್ಯ ಸರಿಯಾಗಿ ಬಂದು, ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ನೆಟ್ಟಗೆ ನಿಂತ ವಸ್ತುವಿಗೆ ನೆರಳೇ ಇರುವುದಿಲ್ಲ. ಅಂದು ಹಾಳೆಯ ನಡುವೆ ಹಿತ್ತಾಳೆಯ ಲೋಟವೊಂದನ್ನು ನಿಲ್ಲಿಸಿದ್ದೆ. ದುಂಡಗೆ ಒಂದು ಬಿಳಿ ಚಂದ್ರ ಸಿಕ್ಕಿತು, ಬಾಲವಿಲ್ಲದ್ದು. ವರ್ಷದಲ್ಲಿ ಎರಡು ಸಲ ಬರುವ ಇಂಥ ದಿನ ಬಿಟ್ಟು ಬೇರೆ ಯಾವಾಗ ಇಟ್ಟರೂ ಲೋಟಕ್ಕೆ ಒಂದು ಕಡೆ ಸ್ವಲ್ಪವಾದರೂ ಬಾಲ ಬರುತ್ತದೆ.

ಅತ್ತೆಗೆ ಎಲೆ ಹೂವುಗಳಲ್ಲಿ ಬೇಗ ಬೇಸರ ಬಂತು. “ಇದ್ದದ್ದನ್ನೇ ಇಟ್ಟು ತೆಗೀತೀಯ, ನೀನು ಮಾಡಿದ್ದು ಏನು?” ಎಂದು ಕೇಳಿದರು. ಅದು ಚುಚ್ಚುಮಾತಾಗಿರಲಿಲ್ಲ, ತಿಳಿದುಕೊಳ್ಳಲಿಕ್ಕೇ ಕೇಳಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ರಂಗೋಲಿ ಬಟ್ಟಲು ತಂದು ಅವರ ಕೈಗೆ ಕೊಟ್ಟು, ಮದ್ದು ಬಳಿದ ಹಾಳೆಯನ್ನು ಆ ಕತ್ತಲು ಕೋಣೆಯಲ್ಲಿ, ದೇವರಮನೆಯ ಕೆಂಪು ಬಲ್ಬಿನ ಬೆಳಕಿನಲ್ಲಿ ಮಣೆಯ ಮೇಲೆ ಇಟ್ಟೆ. ಅವರು ಮೊದಲು ಹಾಳೆಯನ್ನು ಅಂಗೈಯಿಂದ ಸವರಿ ನೋಡಿದರು, ಸಾರಿಸಿದ ನೆಲವನ್ನು ನೋಡುವ ಹಾಗೆ. ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಪುಡಿ ಇಳಿಯಿತು. ಏಳು ಚುಕ್ಕಿ, ನಾಲ್ಕಕ್ಕೆ ನಿಲ್ಲಿಸಿ. ಎಂಬತ್ತಾರರ ಕೈ ನಡುಗುತ್ತದೆ, ಆದರೆ ಎಳೆ ಎಳೆಯುವಾಗ ನಡುಗಲಿಲ್ಲ. ಚುಕ್ಕಿ ಇಡುವಾಗ ಮಾತ್ರ ನಡುಗಿತು. ಗಾಜು ಮುಚ್ಚುವ ಹಾಗಿರಲಿಲ್ಲ. ಮಣೆಯನ್ನು ಹಾಗೇ, ಉಸಿರು ಬಿಗಿಹಿಡಿದು, ಮಹಡಿಗೆ ಹೊತ್ತುಕೊಂಡು ಹೋದೆ. ಗಾಳಿಗೆ ಇವರು ಛತ್ರಿ ಅಡ್ಡ ಹಿಡಿದು ನಿಂತರು. ಏಳು ನಿಮಿಷ. ಒಳಗೆ ತಂದು, ಪುಡಿಯನ್ನು ಕುಂಚದಿಂದ ಕೊಡವಿ, ನಿಂಬೆಹಣ್ಣಿನ ನೀರಿನಲ್ಲಿ ಅದ್ದಿದೆ.

ನೀರಿನೊಳಗೆ ರಂಗೋಲಿ ಬೆಳಗಾಯಿತು ಎಂದೇ ಹೇಳಬೇಕು. ಹಳದಿಹಸಿರು ಕರಗಿ ಹರಿದುಹೋಗುತ್ತ, ಹಿಂದಿನಿಂದ ನೀಲಿ ಏರಿ ಬರುತ್ತ, ಅದರ ನಡುವೆ ಬಿಳಿಯ ಎಳೆಗಳು. ಪುಡಿ ದಪ್ಪ ಬಿದ್ದಲ್ಲಿ ಅಚ್ಚ ಬಿಳಿ, ತೆಳುವಾದಲ್ಲಿ ಮಂಜಿನಂಥ ತಿಳಿನೀಲಿ. ಬೆರಳು ಎಲ್ಲಿ ತಡೆಯಿತು, ಎಲ್ಲಿ ಸಲೀಸಾಗಿ ಹೋಯಿತು ಎಂಬುದು ಪೂರ್ತಿ ಅದರಲ್ಲಿತ್ತು. ನಡುಗಿದ ಚುಕ್ಕಿಗಳ ಸುತ್ತ ಪುಡಿ ಚೆದುರಿ ನಕ್ಷತ್ರದ ಹಾಗೆ ಕಾಣುತ್ತಿದ್ದವು. ನನಗೆ ಕಣ್ಣಲ್ಲಿ ನೀರು ಬಂತು. ಚನ್ನಪಟ್ಟಣದಲ್ಲಿ ಗರಿ ತಾಗಿ ಕೆಂಪು ಮಿನುಗುತ್ತಿದ್ದುದನ್ನು ಗೋಡೆ ಹತ್ತಿ ನೋಡುತ್ತಿದ್ದೆನಲ್ಲ, ಆ ಗಳಿಗೆ ಇಷ್ಟು ವರ್ಷದ ಮೇಲೆ ನನ್ನ ಮನೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಸಿಕ್ಕಿತ್ತು.

ಅತ್ತೆ ಮಾತ್ರ ಒಣಗಿದ ಹಾಳೆಯನ್ನು ಬಹಳ ಹೊತ್ತು ನೋಡಿ, “ಚೆನ್ನಾಗಿದೆ. ಆದರೆ ಇದು ನಾಳೆಯೂ ಇರುತ್ತಲ್ಲ” ಅಂದರು. ಎಂಟು ವರ್ಷದ ಹುಡುಗಿಯಾದಾಗಿನಿಂದ ದಿನವೂ ಹಾಕಿ, ದಿನವೂ ಕಾಲಿನಲ್ಲಿ ಅಳಿಸಿಹೋಗುವುದನ್ನು ನೋಡಿದವರು. ಉಳಿದುಕೊಂಡ ರಂಗೋಲಿಯನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಗೋಡೆಗೆ ತೂಗುಹಾಕೋಣ ಎಂದೆ, ಬೇಡವೆಂದರು. ಕೊನೆಗೆ ಹಳೆಯ ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಇಟ್ಟರು. ಆದರೆ ಮರುದಿನ ಬೆಳಿಗ್ಗೆ ಕಾಫಿಯಾದ ಕೂಡಲೇ ಬಂದು, “ಕಾಗದ ಬಳಿದಿದ್ದೀಯಾ?” ಎಂದು ಕೇಳಿದರು. ಈಗ ಆ ಟ್ರಂಕಿನಲ್ಲಿ ನೂರಕ್ಕೂ ಹೆಚ್ಚು ಹಾಳೆಗಳಿವೆ. ಕೆಲವನ್ನು ವಾಷಿಂಗ್ ಸೋಡಾದಲ್ಲಿ ಅದ್ದಿ ನೀಲಿ ತೆಗೆದು ಚಹಾ ಡಿಕಾಕ್ಷನ್ನಿನಲ್ಲಿ ನೆನೆಸಿ ಕಂದು ಮಾಡಿದ್ದೇನೆ. ಅವು ಹಳೆಯ ಫೋಟೋಗಳಂತೆ ಕಾಣುತ್ತವೆ, ನನಗೆ ಅಷ್ಟು ಹಿಡಿಸಲಿಲ್ಲ. ನೀಲಿಯೇ ಚೆಂದ.

ಕ್ಯಾಮೆರಾದ ಹುಚ್ಚು ನಡುವೆ ಬೇರೆ ದಾರಿ ಹಿಡಿದಿತ್ತು. ಕೆಂಗೇರಿಯ ಹಳೆಯ ಸ್ಟುಡಿಯೋದವರೊಬ್ಬರು ಡಾರ್ಕ್ ರೂಮ್ ತೆರವು ಮಾಡುವಾಗ ಉಳಿದಿದ್ದ ಕಪ್ಪುಬಿಳುಪು ಕಾಗದದ ಎರಡು ಪೊಟ್ಟಣಗಳನ್ನು, ಡೆವಲಪರ್, ಹೈಪೋ ಸಮೇತ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. “ಯಾರಾದರೂ ಮುಟ್ಟಲಿ ಮೇಡಂ” ಅಂದರು. ಬೋರ್ನ್‌ವಿಟಾ ಡಬ್ಬಕ್ಕೆ ಒಳಗೆ ಕಪ್ಪು ಬಳಿದು, ಸೂಜಿಯಿಂದ ತೂತು ಮಾಡಿ, ಅದರೊಳಗೆ ಕಾಗದ ಕೂರಿಸಿ ಒಂದು ಭಾನುವಾರ ದೊಡ್ಡ ಆಲದ ಮರಕ್ಕೆ ಹೋದೆವು. ಮೂರು ಎಕರೆ ಹಬ್ಬಿದ ಮರ. ತಾಯಿಬೇರು ಎಂದೋ ಸತ್ತು, ಬಿಳಲುಗಳ ಮೇಲೆಯೇ ನಿಂತಿದೆ. ಜನವೋ ಜನ. ಡಬ್ಬವನ್ನು ಕಲ್ಲಿನ ಮೇಲಿಟ್ಟು ಆರು ನಿಮಿಷ ತೂತು ತೆರೆದೆ. ರಾತ್ರಿ ಕೆಂಪು ಬಲ್ಬಿನಡಿ ತೊಳೆದಾಗ ಜಾತ್ರೆಯಂಥ ಆ ಜನ ಒಬ್ಬರೂ ಇಲ್ಲ. ಓಡಾಡಿದವರು, ಸೆಲ್ಫಿ ತೆಗೆದುಕೊಂಡವರು, ಕೂಗಿದವರು, ಯಾರನ್ನೂ ಡಬ್ಬ ಕಂಡಿಲ್ಲ. ಬಿಳಲುಗಳಿವೆ, ಮತ್ತೆ ಒಂದು ಬಿಳಲಿಗೆ ಒರಗಿ ನಿದ್ದೆ ಹೋಗಿದ್ದ ಒಬ್ಬ ಅಜ್ಜ ಇದ್ದಾನೆ. ಅವನ ರುಮಾಲು ಸ್ಪಷ್ಟವಾಗಿದೆ.

ಆರು ನಿಮಿಷಕ್ಕೆ ಜನ ಮಾಯವಾಗುವುದಾದರೆ ಆರು ತಿಂಗಳಿಗೆ ಏನಾದೀತು? ಇಂಗ್ಲೆಂಡಿನಲ್ಲಿ ರೆಜಿನಾ ವಾಲ್ಕನ್‌ಬರ್ಗ್ ಎಂಬ ವಿದ್ಯಾರ್ಥಿನಿ 2012ರಲ್ಲಿ ವೀಕ್ಷಣಾಲಯವೊಂದರ ಮೇಲೆ ಬಿಯರ್ ಡಬ್ಬಿಯ ಇಂಥ ಕ್ಯಾಮೆರಾ ಇಟ್ಟು ಮರೆತೇಬಿಟ್ಟಿದ್ದಳು. 2020ರಲ್ಲಿ ಸಿಕ್ಕಾಗ ಅದರಲ್ಲಿ ಎಂಟು ವರ್ಷಗಳ ಸೂರ್ಯನ ಹಾದಿ 2,953 ಗೆರೆಗಳಾಗಿ ಮೂಡಿತ್ತು. ಮಗಳು ಇದನ್ನು ಹೇಳಿದ ದಿನವೇ ನಾನು ಕೋಲಾ ಡಬ್ಬಿ ಹುಡುಕಿದೆ. 2022ರ ಡಿಸೆಂಬರ್ 21ರಂದು, ಸೂರ್ಯ ದಕ್ಷಿಣದ ಕೊನೆ ಮುಟ್ಟುವ ಹೊತ್ತಿಗೆ, ನೀರಿನ ಟ್ಯಾಂಕಿನ ಪೈಪಿಗೆ ಅದನ್ನು ಮೂಡಲಿಗೆ ಮುಖ ಮಾಡಿ ತಂತಿಯಿಂದ ಬಿಗಿದೆವು. ಇದಕ್ಕೆ ಡೆವಲಪರೂ ಬೇಡ. ಕಾಗದ ದಿನದಿನವೂ ಸ್ವಲ್ಪಸ್ವಲ್ಪ ಸುಟ್ಟುಕೊಳ್ಳುತ್ತ ಹೋಗುತ್ತದೆ.

ಆ ಆರು ತಿಂಗಳಲ್ಲೇ ಮೂಡಲ ಪಕ್ಕದ ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಶುರುಮಾಡಿದರು. ಸಂಕ್ರಾಂತಿಗೆ ಪಾಯ. ಶಿವರಾತ್ರಿಗೆ ಒಂದು ಮೋಲ್ಡು. ಯುಗಾದಿಗೆ ಇನ್ನೊಂದು. ನನ್ನ ಕಾಗದಗಳಿಗೂ ಅತ್ತೆಯ ಸಂಡಿಗೆಗೂ (ಅಂಗೈಯಲ್ಲಿ ಬಿಸಿಲು ಅಳೆಯಲು ಶುರುಮಾಡಿದ ಮೇಲೆ ಮನೆಯಲ್ಲಿ ಸಂಡಿಗೆ ಮತ್ತೆ ಬಂದಿತ್ತು) ಬಿಸಿಲು ದಿನದಿಂದ ದಿನಕ್ಕೆ ತಡವಾಗಿ ಬರತೊಡಗಿತು. ನಾವು ಹಳೆಯ ಪಂಚೆಯನ್ನು ಟ್ಯಾಂಕಿನ ಕಡೆಗೆ ಸರಿಸುತ್ತ ಹೋದೆವು.

ಜೂನ್ 21ರ ರಾತ್ರಿ ಡಬ್ಬಿ ಬಿಚ್ಚಿ, ಕಾಗದವನ್ನು ಕತ್ತಲು ಕೋಣೆಯಲ್ಲಿ ಹೊರಗೆಳೆದೆ. ಡಬ್ಬಿಗೆ ನೀರು ಸ್ವಲ್ಪ ನುಗ್ಗಿ ಒಂದು ಮೂಲೆ ಕಲೆಯಾಗಿತ್ತು. ಉಳಿದ ಕಡೆ ಕಂದುನೇರಳೆಯ ಮೇಲೆ ಬಾಗಿದ ಗೆರೆಗಳು, ಒಂದರ ಪಕ್ಕ ಒಂದು, ಕೈಮಗ್ಗದ ಎಳೆಗಳ ಹಾಗೆ. ಮಗಳು ಅದನ್ನು ಒಂದೇ ಸಲ ಸ್ಕ್ಯಾನ್ ಮಾಡಿ, ತಿರುವಿ, ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಬಂದಳು. ಡಿಸೆಂಬರಿನ ಗೆರೆಗಳು ನೆಲದಂಚಿನಿಂದಲೇ ಏಳುತ್ತವೆ. ಅಲ್ಲಿಂದ ಮುಂದೆ ಗೆರೆಗಳ ಬುಡ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಒಂದೊಂದು ಮೋಲ್ಡಿಗೆ ಒಂದೊಂದು ಮೆಟ್ಟಿಲು. ಮೇ ತಿಂಗಳ ಗೆರೆಗಳು ಆಕಾಶದ ಅರ್ಧದಲ್ಲಿ ಹುಟ್ಟುತ್ತವೆ. ಆ ಮನೆ ಏಳುವುದನ್ನು ಸೂರ್ಯನೇ ದಿನಚರಿ ಬರೆದಿಟ್ಟಿದ್ದ.

ಅತ್ತೆ ಭೂತಗನ್ನಡಿ ಹಿಡಿದು ಇಡೀ ಮಧ್ಯಾಹ್ನ ಅದರ ಮುಂದೆ ಕೂತರು. ಅಲ್ಲಲ್ಲಿ ಎಳೆ ತಪ್ಪಿತ್ತು, ಮೋಡ ಕವಿದ ದಿನಗಳು. ಏಪ್ರಿಲಿನ ಕೊನೆಯಿಂದ ಎಣಿಸಿಕೊಂಡು ಬಂದು, ಸಾಲಾಗಿ ಮೂರ್ನಾಲ್ಕು ಎಳೆ ಇಲ್ಲದ ಒಂದು ಜಾಗದ ಮೇಲೆ ಬೆರಳಿಟ್ಟರು. “ಭರಣಿ ಮಳೆ. ನಮ್ಮ ಅರಳು ಸಂಡಿಗೆ ನೆಂದಿದ್ದು ಇಲ್ಲೇ” ಅಂದರು. ಹೌದು, ಅಲ್ಲೇ. ಪಂಚೆ ಸಮೇತ ಮುದ್ದೆಯಾಗಿದ್ದ ಸಂಡಿಗೆಯನ್ನು ಇವರು ಗೊಣಗದೆ ತಿಂದಿದ್ದರು.

ಬೆರಳನ್ನು ಹಾಗೇ ಮೇಲಕ್ಕೆ ಸರಿಸಿ, ಗೆರೆಗಳು ಹುಟ್ಟುವ ಕೊನೆಯ ಮೆಟ್ಟಿಲನ್ನು ಮುಟ್ಟಿ, “ಇನ್ನು ಈ ಕಡೆ ಹತ್ತು ಗಂಟೆಯವರೆಗೆ ಆಸೆಯಿಲ್ಲ. ಈ ಸಲ ಡಬ್ಬಿಯನ್ನ ಪಡುವಲಿಗೆ ಕಟ್ಟು. ಸಂಜೆ ಬಿಸಿಲು ಎಲ್ಲಿಯವರೆಗೆ ಸಿಗುತ್ತೆ ನೋಡ್ಕೊಂಡು ಮುಂದಿನ ವರ್ಷ ಸಂಡಿಗೆ ಅಲ್ಲಿ ಹಾಕೋಣ” ಅಂದರು.

ನಾನು ಇನ್ನೊಂದು ಡಬ್ಬಿ ತೊಳೆದು ತಂದೆ. ಹೊಲಿಗೆ ಪೆಟ್ಟಿಗೆಯಿಂದ ಹತ್ತನೇ ನಂಬರಿನ ಸೂಜಿ ತೆಗೆದೆ. “ಇತ್ತ ಕೊಡು, ನೀನು ದೊಡ್ಡ ತೂತು ಮಾಡ್ತೀಯ” ಎಂದು ಅವರು ಸೂಜಿ ಇಸಕೊಂಡು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪೊರೆ ತೆಗೆದ ಬಲಗಣ್ಣನ್ನು ಹತ್ತಿರ ತಂದರು.